ಹಿಲ್ಡೆಗಾರ್ಡ್ ಹಾಡಿದ ನದಿದಂಡೆಗಳಲ್ಲಿ ಐದು ದಿನ

ಮಧ್ಯಯುಗದ ಕ್ರೈಸ್ತ ಅನುಭಾವಿ, ಬಿಂಗೆನ್‌ನ ಸಂತ ಹಿಲ್ಡೆಗಾರ್ಡ್ (1098–1179) ಬಾಳಿದ್ದು ಜರ್ಮನಿಯ ಎರಡು ಮಠಗಳಲ್ಲಿ. ಎರಡೂ ಈಗ ಇಲ್ಲ. ಒಂದು ಗುಡ್ಡದ ಮೇಲೆ ಮರಗಳ ನಡುವೆ ತಳಪಾಯವಾಗಿ ಉಳಿದಿದೆ, ಇನ್ನೊಂದರ ಜಾಗದಲ್ಲಿ ರೈಲು ಓಡುತ್ತದೆ. ಕಲ್ಲು ಹೋಯಿತು, ಹಾಡು ಉಳಿಯಿತು: 77 ಹಾಡುಗಳು ಮತ್ತು ‘ಓರ್ದೋ ವಿರ್ತೂತುಮ್’ ಎಂಬ ಪೂರ್ತಿ ಹಾಡಿನಲ್ಲೇ ನಡೆಯುವ ಒಂದು ನಾಟಕ. ಆದ್ದರಿಂದ ಕಟ್ಟಡ ನೋಡಬೇಕೆಂದು ಹೊರಟವರಿಗೆ ಈ ದಾರಿಯಲ್ಲಿ ನಿರಾಸೆ ಕಾದಿದೆ. ಒಂದಾದರೂ ಹಾಡನ್ನು ಕಲಿತು ಹೊರಟರೆ ಪ್ರತಿ ಜಾಗವೂ ಮಾತಾಡುತ್ತದೆ.

ಕಲಿಯಲು ನಮ್ಮ ಆಯ್ಕೆ ‘ಕಾರಿತಾಸ್ ಹಬುಂದಾತ್’. ಇದು ಆಂಟಿಫನ್, ಅಂದರೆ ಬೈಬಲ್ಲಿನ ದಾವೀದನ ಕೀರ್ತನೆಗೆ ಮುಂಚೆ ಮತ್ತು ಕೀರ್ತನೆ ಮುಗಿದ ಮೇಲೆ ಹಾಡುವ ಚಿಕ್ಕ ಹಾಡು. ನಾಲ್ಕೇ ಸಾಲು. ಪ್ರೀತಿ ಎಲ್ಲದರಲ್ಲೂ ತುಂಬಿ ಹರಿಯುತ್ತದೆ, ಆಳದ ತಳದಿಂದ ನಕ್ಷತ್ರಗಳಾಚೆಗೂ ಅದರ ಎತ್ತರ, ಎಲ್ಲದರ ಮೇಲೂ ಅದಕ್ಕೆ ಅಕ್ಕರೆ, ಏಕೆಂದರೆ ಪರಮ ರಾಜನಿಗೆ ಶಾಂತಿಯ ಮುತ್ತನ್ನಿಟ್ಟದ್ದು ಅದೇ. ಲ್ಯಾಟಿನ್‌ನಲ್ಲಿ ಪ್ರೀತಿ ಸ್ತ್ರೀಲಿಂಗ, ಹಾಗಾಗಿ ಹಾಡಿನಲ್ಲಿ ಅವಳು ಒಬ್ಬ ಹೆಣ್ಣು. ‘ದೇ ಈಮಿಸ್’ (ಆಳದಿಂದ) ಎನ್ನುವಾಗ ತಗ್ಗಿನಲ್ಲಿರುವ ದನಿ ‘ಸೂಪರ್ ಸೀದೆರಾ’ (ನಕ್ಷತ್ರಗಳ ಮೇಲೆ) ಎನ್ನುವ ಹೊತ್ತಿಗೆ ಮೇಲೇರಿರುತ್ತದೆ.

ಕಲಿಯುವಾಗ ಮೊದಲು ರಾಗ ಬಿಟ್ಟು ಸಾಹಿತ್ಯವನ್ನಷ್ಟೇ ಗಟ್ಟಿಯಾಗಿ ಓದಿ, ನಾಲಗೆ ತಡವರಿಸದಂತಾಗುವವರೆಗೆ. ಕೊನೆಯ ಸಾಲಿನ ‘ಪಾಚಿಸ್’ ಪದವನ್ನು ಜರ್ಮನ್ನರು ‘ಪಾತ್ಸಿಸ್’ ಎನ್ನುತ್ತಾರೆ. ಎರಡೂ ಸರಿಯೇ, ಆದರೆ ಜೊತೆಯಲ್ಲಿ ಹಾಡುವವರೆಲ್ಲ ಒಂದನ್ನೇ ಹಿಡಿಯಬೇಕು. ಆಮೇಲೆ ಒಂದೊಂದೇ ಸಾಲಿಗೆ ಸ್ವರ ಕೂಡಿಸಿ. ಕರ್ನಾಟಕ ಸಂಗೀತದ ಅಭ್ಯಾಸ ಇರುವವರು ಮೂರು ಕಡೆ ಎಡವುತ್ತಾರೆ. ಮೊದಲನೆಯದು ತಾಳ. ಇಲ್ಲಿ ತಾಳವಿಲ್ಲ, ಪದದ ಉಸಿರೇ ನಡೆ. ಎರಡನೆಯದು ಗಮಕ. ಒಂದು ಅಕ್ಷರದ ಮೇಲೆ ಹತ್ತು ಹದಿನೈದು ಸ್ವರ ಬಂದರೂ ಒಂದೊಂದೂ ಬಿಡಿಬಿಡಿಯಾಗಿ, ನೇರವಾಗಿ ಕೇಳಿಸಬೇಕು. ಜಾರಿಸಿದರೆ ಹಾಡಿನ ಆಕಾರವೇ ಕರಗಿಹೋಗುತ್ತದೆ. ಮೂರನೆಯದು ಶ್ರುತಿ. ಹಿಲ್ಡೆಗಾರ್ಡ್ ಹಾಡುಗಳ ಹರವು ದೊಡ್ಡದು. ಚರ್ಚಿನ ಹಳೆಯ ಲ್ಯಾಟಿನ್ ಹಾಡುಗಾರಿಕೆಯಾದ ಸಾಮಾನ್ಯ ಗ್ರೆಗೋರಿಯನ್ ಗಾನ ಒಂದು ಸ್ಥಾಯಿಯ ಆಸುಪಾಸಿನಲ್ಲೇ ಓಡಾಡುತ್ತದೆ, ಇವರ ‘ಓ ವೋಸ್ ಆಂಜೆಲಿ’ ಸುಮಾರು ಎರಡೂವರೆ ಸ್ಥಾಯಿ ಹತ್ತಿಳಿಯುತ್ತದೆ. ಷಡ್ಜದಿಂದ ಪಂಚಮಕ್ಕೆ ನೆಗೆದು ಅಲ್ಲಿಂದ ನೇರ ಮೇಲಿನ ಷಡ್ಜಕ್ಕೆ ಹೋಗುವುದು ಅವರ ಕೈಗುರುತು. ಮಾಮೂಲಿ ಶ್ರುತಿಯಲ್ಲಿ ಶುರುಮಾಡಿದರೆ ಮೇಲೆ ದನಿ ಒಡೆಯುತ್ತದೆ. ಎರಡು ಮನೆ ಕೆಳಗೆ ಹಿಡಿಯಿರಿ.

ರೆಕಾರ್ಡಿಂಗುಗಳಲ್ಲಿ ಹಿನ್ನೆಲೆಗೆ ಒಂದೇ ಸ್ವರ ಎಳೆಯುವುದುಂಟು. ತಂಬೂರಿಗೆ ಹೊಂದಿದ ಕಿವಿಗೆ ಅದು ಹಿತ. ಆದರೆ ಹಸ್ತಪ್ರತಿಯಲ್ಲಿ ಅದಿಲ್ಲ, ಅದು ನಮ್ಮ ಕಾಲದ ಹಾಡುಗಾರರು ಸೇರಿಸಿದ್ದು. ಪುಟದ ಮೇಲೆ ಇರುವುದು ಒಂಟಿ ರಾಗ ಮಾತ್ರ.

ಹೊರಡುವ ಕಾಲ ಸೆಪ್ಟೆಂಬರ್ ಮಧ್ಯ. 17 ಅವರ ಹಬ್ಬದ ದಿನ, ಅಂದು ಅವರ ಅವಶೇಷಗಳಿರುವ ಐಬಿಂಗೆನ್‌ನಲ್ಲಿರುವಂತೆ 13ಕ್ಕೆ ಶುರುಮಾಡಬೇಕು.

ಮೊದಲ ದಿನ: ಮೈಂಜ್

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದ ಕೆಳಗಿನಿಂದಲೇ ಎಸ್8 ರೈಲು ಸುಮಾರು ಅರ್ಧ ಗಂಟೆಯಲ್ಲಿ ಮೈಂಜ್‌ಗೆ ತಂದು ಬಿಡುತ್ತದೆ. ಐದೂ ದಿನದ ಓಡಾಟ ಪ್ರಾದೇಶಿಕ ರೈಲುಗಳಲ್ಲೇ ಆಗುವುದರಿಂದ ತಿಂಗಳ ಡಾಯ್ಚ್‌ಲಾಂಡ್ ಟಿಕೆಟ್ ಸಾಕು. ಅದು ದೂರದೂರಿನ ವೇಗದ ಐಸಿ, ಐಸಿಇ ರೈಲುಗಳಿಗೆ ನಡೆಯುವುದಿಲ್ಲ. ಅದು ಚಂದಾ ಲೆಕ್ಕದ್ದು: ಆ ತಿಂಗಳ 10ನೇ ತಾರೀಕಿನೊಳಗೆ ರದ್ದುಮಾಡದಿದ್ದರೆ ಮುಂದಿನ ತಿಂಗಳ ಹಣವೂ ಹೋಗುತ್ತದೆ. 13ಕ್ಕೆ ಇಳಿಯುವವರು ಇದನ್ನು ಊರಲ್ಲಿರುವಾಗಲೇ ನೋಡಿಕೊಳ್ಳಬೇಕು.

ಊರ ನಡುವೆ ಕೆಂಪು ಮರಳುಗಲ್ಲಿನ ಸಂತ ಮಾರ್ಟಿನ್ ಮಹಾದೇವಾಲಯ. ಹಿಲ್ಡೆಗಾರ್ಡ್ ಕಥೆಯನ್ನು ಕೊನೆಯಿಂದ ಶುರುಮಾಡಲು ಇದೇ ಸರಿಯಾದ ಜಾಗ. 1178ರಲ್ಲಿ ಅವರಿಗೆ 80 ವರ್ಷ. ಒಂದು ಕಾಲಕ್ಕೆ ಧರ್ಮಸಭೆಯಿಂದ ಬಹಿಷ್ಕೃತನಾಗಿದ್ದ ಕುಲೀನನೊಬ್ಬನನ್ನು ತಮ್ಮ ಮಠದ ಸ್ಮಶಾನದಲ್ಲಿ ಹೂಳಲು ಅವರು ಒಪ್ಪಿದ್ದರು. ಅವನು ಸಾಯುವ ಮೊದಲೇ ಪಾಪನಿವೇದನೆ ಮಾಡಿ, ಪರಮಪ್ರಸಾದ ಪಡೆದು ಧರ್ಮಸಭೆಗೆ ಮರಳಿದ್ದ. ಆದರೂ ಮೈಂಜ್‌ನ ಧರ್ಮಾಧಿಕಾರಿಗಳು ಹೆಣ ಅಗೆದು ಹೊರಹಾಕಿ ಎಂದರು. ಮಹಾಧರ್ಮಾಧ್ಯಕ್ಷರು ಆಗ ಇಟಲಿಯಲ್ಲಿದ್ದರು. ಹಿಲ್ಡೆಗಾರ್ಡ್ ಒಪ್ಪಲಿಲ್ಲ, ಗೋರಿಯ ಗುರುತೇ ಸಿಗದಂತೆ ಅಳಿಸಿದರು. ಮಠದ ಮೇಲೆ ನಿಷೇಧ ಬಿತ್ತು: ಬಲಿಪೂಜೆ ಇಲ್ಲ, ಗಂಟೆ ಇಲ್ಲ, ಹಾಡು ಇಲ್ಲ. ಪ್ರಾರ್ಥನೆಯನ್ನು ಬಾಗಿಲು ಮುಚ್ಚಿಕೊಂಡು ಮೆಲುದನಿಯಲ್ಲಿ ಓದಬಹುದು, ಅಷ್ಟೇ.

ಆಗ ಅವರು ಈ ಊರಿನ ಅಧಿಕಾರಿಗಳಿಗೆ ಬರೆದ ಪತ್ರದಲ್ಲಿ ಅವರ ಸಂಗೀತದ ನಂಬಿಕೆ ಇಡಿಯಾಗಿ ಸಿಗುತ್ತದೆ. ಪಾಪಕ್ಕೆ ಬೀಳುವ ಮೊದಲು ಆದಾಮನ ದನಿ ದೇವದೂತರ ದನಿಯೊಡನೆ ಕೂಡಿತ್ತು. ಬಿದ್ದ ಮೇಲೆ ಆ ದನಿ ಹೋಯಿತು. ಪ್ರವಾದಿಗಳು ಹಾಡು ಕಟ್ಟಿದ್ದು, ವಾದ್ಯ ಮಾಡಿದ್ದು ಅದನ್ನು ಮತ್ತೆ ನೆನಪಿಗೆ ತರಲು. ಮನುಷ್ಯನು ಹಾಡುವುದನ್ನು ಕೇಳಿದರೆ ಸೈತಾನನಿಗೆ ಸಂಕಟ, ಏಕೆಂದರೆ ಅವನು ಕಳೆದುಕೊಂಡ ಸ್ವರ್ಗದ ದನಿ ಅದು. ಆತ್ಮವೇ ಸ್ವರಮೇಳದಿಂದ ಆದದ್ದು. ಹಾಗಿರುವಾಗ ತಕ್ಕ ಕಾರಣವಿಲ್ಲದೆ ದೇವರ ಸ್ತುತಿಯ ಬಾಯಿ ಕಟ್ಟಿದವರಿಗೆ ಪರಲೋಕದಲ್ಲಿ ದೇವದೂತರ ಗಾನದಲ್ಲಿ ಪಾಲು ಸಿಗದು. ನಿಷೇಧ 1179ರ ಮಾರ್ಚ್‌ನಲ್ಲಿ ತೆರವಾಯಿತು, ಸೆಪ್ಟೆಂಬರ್ 17ರಂದು ಹಿಲ್ಡೆಗಾರ್ಡ್ ತೀರಿಕೊಂಡರು. ಕಡೆಯ ಆರು ತಿಂಗಳು ಮಠದಲ್ಲಿ ಮತ್ತೆ ಹಾಡಿತ್ತು.

ಈ ಒಂದು ಸಂಗತಿ ತಲೆಯಲ್ಲಿದ್ದರೆ ಮುಂದಿನ ನಾಲ್ಕು ದಿನ ದಾರಿ ತಪ್ಪುವುದಿಲ್ಲ. ಇವರಿಗೆ ಸಂಗೀತವೆಂದರೆ ಪೂಜೆಯ ಅಲಂಕಾರವಲ್ಲ, ಕಳೆದುಹೋದ ಸ್ವರ್ಗದ ನೆನಪು.

ಎರಡನೇ ದಿನ: ಡಿಸಿಬೋಡೆನ್‌ಬೆರ್ಗ್

ಮೈಂಜ್‌ನಿಂದ ಬಾಡ್ ಕ್ರಾಯ್ಸ್‌ನಾಖ್ ಮೇಲೆ ಹೋಗುವ ರೈಲು ಸುಮಾರು ಒಂದು ಗಂಟೆಗೆ ಸ್ಟೌಡರ್ನ್‌ಹೈಮ್ ತಲುಪುತ್ತದೆ. ಪುಟ್ಟ ನಿಲ್ದಾಣ, ಎಲ್ಲ ರೈಲೂ ನಿಲ್ಲುವುದಿಲ್ಲ, ಹಿಂದಿರುಗುವ ರೈಲಿನ ಹೊತ್ತನ್ನು ಇಳಿದಾಗಲೇ ಬರೆದಿಟ್ಟುಕೊಳ್ಳಬೇಕು. ಅಲ್ಲಿಂದ ಓಡರ್ನ್‌ಹೈಮ್ ಕಡೆಗೆ ಕಾಲ್ನಡಿಗೆ. ನಾಹೆ ಮತ್ತು ಗ್ಲಾನ್ ನದಿಗಳು ಕೂಡುವಲ್ಲಿ ಎದ್ದ ಗುಡ್ಡವೇ ಡಿಸಿಬೋಡೆನ್‌ಬೆರ್ಗ್. ಇಳಿಜಾರಿನ ತುಂಬ ದ್ರಾಕ್ಷಿ, ನೆತ್ತಿಯಲ್ಲಿ ಮರಗಳು. ಮೇಲೆ ಅಂಗಡಿ ಇಲ್ಲ. ನೀರು, ಬುತ್ತಿ ಕೆಳಗಿನಿಂದಲೇ ಹೊತ್ತುಕೊಂಡು ಹೋಗಬೇಕು. ಮಳೆ ಬಿದ್ದ ಮರುದಿನ ಪಾಚಿ ಹಿಡಿದ ಕಲ್ಲುಗಳ ಮೇಲೆ ಉದುರಿದೆಲೆ ಹಾಸಿಕೊಂಡು ಕಾಲು ಜಾರುತ್ತದೆ, ಹಿಡಿತವಿರುವ ಬೂಟು ಬೇಕು.

1112ರ ನವೆಂಬರ್ 1, ಸಕಲ ಸಂತರ ಹಬ್ಬ. ಅಂದು ಸ್ಪೋನ್‌ಹೈಮ್ ಮನೆತನದ ಯೂಟಾ ಈ ಗಂಡಸರ ಮಠಕ್ಕೆ ಅಂಟಿಕೊಂಡ ಕೋಣೆಯೊಳಗೆ ಏಕಾಂತವಾಸಕ್ಕೆ ಸೇರಿದಳು. ಜೊತೆಗೆ 14 ವರ್ಷದ ಹಿಲ್ಡೆಗಾರ್ಡ್. ಯೂಟಾ ಆಕೆಗೆ ಕಲಿಸಿದ್ದು ದಾವೀದನ ಕೀರ್ತನೆಗಳನ್ನು ಮತ್ತು ಹತ್ತು ತಂತಿಯ ಸಾಲ್ಟರಿ ಎಂಬ ವಾದ್ಯವನ್ನು. ಸಂತ ಬೆನೆಡಿಕ್ಟರ ನಿಯಮದಂತೆ 150 ಕೀರ್ತನೆಗಳನ್ನೂ ವಾರಕ್ಕೊಮ್ಮೆ ಮುಗಿಸಬೇಕು. ನಡುರಾತ್ರಿಯಿಂದ ಮಲಗುವ ಹೊತ್ತಿನವರೆಗೆ ಎಂಟು ಹೊತ್ತಿನ ಪ್ರಾರ್ಥನೆ. ಹಿಲ್ಡೆಗಾರ್ಡ್ ಇಲ್ಲಿ ಸುಮಾರು 38 ವರ್ಷ ಇದ್ದರು. ಆ ಲೆಕ್ಕದಲ್ಲಿ ಇಡೀ ಕೀರ್ತನೆ ಪುಸ್ತಕ ಸುಮಾರು ಎರಡು ಸಾವಿರ ಸಲ ಅವರ ಬಾಯಲ್ಲಿ ಹಾದುಹೋಗಿರಬೇಕು. ಸ್ವರಲಿಪಿಯನ್ನಾಗಲಿ ಹಾಡನ್ನಾಗಲಿ ಯಾರಿಂದಲೂ ಕಲಿಯದೆ ಹಾಡು ಕಟ್ಟಿದೆ ಎಂದು ಅವರು ಹೇಳಿದ ಮಾತನ್ನು ಇದರ ಜೊತೆಗಿಟ್ಟು ಓದಬೇಕು. ಪಾಠ ಆಗಿರಲಿಲ್ಲ, ನಿಜ. ಆದರೆ ಮೈಯೆಲ್ಲ ಕೀರ್ತನೆಯಲ್ಲಿ ನೆನೆದಿತ್ತು.

ನೆತ್ತಿಯ ಮೇಲೆ ಮೊದಲು ದೇವಾಲಯದ ಉದ್ದ ನಡೆದು ನೋಡಿ. ಕಂಬಗಳ ಬುಡ ಅಲ್ಲಲ್ಲಿ ಉಳಿದಿದೆ, ಕೆಲವೆಡೆ ಗೋಡೆ ಆಳೆತ್ತರ ಮೀರುತ್ತದೆ. 1143ರಲ್ಲಿ ಈ ದೇವಾಲಯದ ಪ್ರತಿಷ್ಠೆಯಾಯಿತು, ಅಂದರೆ ಹಿಲ್ಡೆಗಾರ್ಡ್ ಇಲ್ಲಿದ್ದ ಬಹುಕಾಲ ಸುತ್ತ ಕಲ್ಲುಕುಟಿಗರ ಸದ್ದು ಇತ್ತು. ತಮ್ಮ ದರ್ಶನಗಳಲ್ಲಿ ಅವರು ಕಟ್ಟಡ, ಗೋಪುರ, ಕಂಬಗಳನ್ನು ಅಷ್ಟು ಕರಾರುವಾಕ್ಕಾಗಿ ವರ್ಣಿಸಲು ಇದೂ ಒಂದು ಕಾರಣವೆಂದು ನಮಗೆ ತೋರುತ್ತದೆ. 1141ರಲ್ಲಿ, ನಲವತ್ತೆರಡು ದಾಟಿದಾಗ, ‘ಕಂಡದ್ದನ್ನು, ಕೇಳಿದ್ದನ್ನು ಬರೆ’ ಎಂಬ ಆಣತಿ ಬಂದದ್ದು ಇಲ್ಲೇ. ಆ ದರ್ಶನಗಳ ‘ಶೀವಿಯಾಸ್’ ಗ್ರಂಥ ಮುಗಿಯಲು ಹತ್ತು ವರ್ಷ ಹಿಡಿಯಿತು. ಬರಹಕ್ಕೆ ನೆರವಾದವನು ಫೋಲ್ಮಾರ್ ಎಂಬ ಸನ್ಯಾಸಿ.

1150ರ ಹೊತ್ತಿಗೆ ಸುಮಾರು 20 ಸಿಸ್ಟರ್‌ಗಳೊಂದಿಗೆ ಹಿಲ್ಡೆಗಾರ್ಡ್ ಬಿಂಗೆನ್‌ಗೆ ಹೊರಟಾಗ ಮಠಾಧಿಪತಿ ಕೂನೋಗೆ ಸಿಟ್ಟು ಬಂದಿತ್ತು. ಹೆಸರೂ ಆಸ್ತಿಯೂ ಕೈಬಿಡುತ್ತವಲ್ಲ. ಅದೇ ಕೂನೋ ಆಮೇಲೆ, ಈ ಗುಡ್ಡಕ್ಕೆ ಹೆಸರು ಕೊಟ್ಟ ಸಂತ ಡಿಸಿಬೋಡನ ಬಗ್ಗೆ ದೇವರು ತೋರಿಸಿದ್ದೇನಾದರೂ ಇದ್ದರೆ ಕಳಿಸಿ ಎಂದು ಪತ್ರ ಬರೆದ. ಹಿಲ್ಡೆಗಾರ್ಡ್ ಬೈದರು, ಬೈದು ಹಾಡನ್ನೂ ಕಳಿಸಿದರು. ಅದರಲ್ಲೊಂದು ‘ಓ ವಿರಿದಿತಾಸ್ ದಿಜಿತಿ ದೇಯಿ’: ದೇವರ ಬೆರಳಿನ ಹಸುರೇ. ವಿರಿದಿತಾಸ್ ಅವರ ಮೂಲಮಂತ್ರದಂಥ ಪದ. ಚಿಗುರಿಸುವ ಶಕ್ತಿ, ರಸ, ಜೀವದ ತೇವ. ಆತ್ಮಕ್ಕೆ ಬರ ಬಂದಿದೆ ಎಂದು ಅವರು ಬರೆದರೆ ಆ ಹಸುರು ಬತ್ತಿದೆ ಎಂದರ್ಥ. ಕಲ್ಲಿನ ಸಂದಿಯಲ್ಲೆಲ್ಲ ಮರ ಎದ್ದಿರುವ ಈ ದೇವಾಲಯದ ನಡುವೆ ನಿಂತು ಆ ಹಾಡು ಕೇಳಬೇಕು, ಇಯರ್‌ಫೋನ್‌ನಲ್ಲಾದರೂ ಸರಿ.

ಸಮಯ ಇರುವವರಿಗೆ ಇದೇ ಬೆಟ್ಟಗಾಡಿನಲ್ಲಿ ಈಡರ್-ಓಬರ್‌ಸ್ಟೈನ್‌ನಿಂದ ಬಿಂಗೆನ್‌ವರೆಗೆ 137 ಕಿಲೋಮೀಟರ್ ಹಿಲ್ಡೆಗಾರ್ಡ್ ಯಾತ್ರಾಮಾರ್ಗ ಇದೆ. ಹತ್ತು ಹಂತದ ನಡಿಗೆ.

ಮೂರನೇ ದಿನ: ಬಿಂಗೆನ್

ಬಿಂಗೆನ್‌ನಲ್ಲಿ ಎರಡು ನಿಲ್ದಾಣ, ಗೊಂದಲ ಆಗುವುದೇ ಇಲ್ಲಿ. ‘ಬಿಂಗೆನ್ ಹೌಪ್ಟ್‌ಬಾನ್‌ಹೋಫ್’ ಇರುವುದು ನಾಹೆ ನದಿಯಾಚೆಯ ಬಿಂಗರ್‌ಬ್ರೂಕ್‌ನಲ್ಲಿ, ‘ಬಿಂಗೆನ್ ಶ್ಟಾಟ್’ ಊರ ನಡುವೆ. ರೂಪರ್ಟ್ಸ್‌ಬೆರ್ಗ್‌ಗೆ ಮೊದಲನೆಯದು ಹತ್ತಿರ, ವಸ್ತುಸಂಗ್ರಹಾಲಯಕ್ಕೂ ದೋಣಿಗೂ ಎರಡನೆಯದು. ಬೆಳಿಗ್ಗೆ ಹೌಪ್ಟ್‌ಬಾನ್‌ಹೋಫ್‌ನಲ್ಲಿ ಇಳಿದು ಸಂಜೆ ಹೊತ್ತಿಗೆ ಊರ ಕಡೆ ನಡೆಯುವುದು ಸಲೀಸು.

ರೂಪರ್ಟ್ಸ್‌ಬೆರ್ಗ್ ಹಿಲ್ಡೆಗಾರ್ಡ್ ತಾವೇ ಕಟ್ಟಿದ ಮಠ. ಎಲ್ಲ ಕೆಲಸದ ಕೋಣೆಗಳಿಗೂ ಕೊಳವೆಯಲ್ಲಿ ನೀರು ಬರುತ್ತಿತ್ತು ಎಂದು ಅವರ ಕೊನೆಯ ಕಾರ್ಯದರ್ಶಿ, ಜಾಂಬ್ಲೂದ ಗೀಬೆರ್ ಮೆಚ್ಚಿ ಬರೆದಿದ್ದಾನೆ. 1152ರಲ್ಲಿ ದೇವಾಲಯದ ಪ್ರತಿಷ್ಠೆ. ಹಬ್ಬದ ದಿನ ಸಿಸ್ಟರ್‌ಗಳು ಕೂದಲು ಬಿಟ್ಟು, ಬಿಳಿ ರೇಷ್ಮೆಯ ಮುಸುಕು, ಬಂಗಾರದ ಕಿರೀಟ ತೊಟ್ಟು ಹಾಡುತ್ತಿದ್ದರು. ಆಂಡರ್‌ನಾಖ್‌ನ ಮಠದ ಮುಖ್ಯಸ್ಥೆ ಟೆಂಕ್ಸ್‌ವಿಂಡ್ ಇದನ್ನು ಕಟುವಾಗಿ ಪ್ರಶ್ನಿಸಿದಳು. ವಿವಾಹಿತೆಗೆ ಹೇಳಿದ ಕಟ್ಟು ಕನ್ಯೆಗಿಲ್ಲ, ಅವಳು ಸ್ವರ್ಗದ ಆ ಮೊದಲ ಹಸುರಿನಲ್ಲಿ ನಿಂತಿದ್ದಾಳೆ ಎಂಬುದು ಹಿಲ್ಡೆಗಾರ್ಡ್ ಉತ್ತರ. ಕುಲೀನರ ಹೆಣ್ಣುಮಕ್ಕಳನ್ನಷ್ಟೇ ಸೇರಿಸಿಕೊಳ್ಳುತ್ತೀರಲ್ಲ ಎಂಬ ಟೆಂಕ್ಸ್‌ವಿಂಡಳ ಇನ್ನೊಂದು ಪ್ರಶ್ನೆಗೆ ಅವರು ಕೊಟ್ಟ ಉತ್ತರ ನಮಗೆ ಒಪ್ಪಿಗೆಯಾಗುವುದಿಲ್ಲ: ಯಾರು ತಾನೆ ಎಲ್ಲ ದನಕುರಿಗಳನ್ನೂ ಒಂದೇ ಕೊಟ್ಟಿಗೆಯಲ್ಲಿ ಕಟ್ಟುತ್ತಾರೆ ಎಂದರು. ಅವರನ್ನು ಪ್ರೀತಿಸುವವರು ಈ ಮಾತನ್ನೂ ಓದಿರಬೇಕು.

‘ಓರ್ದೋ ವಿರ್ತೂತುಮ್’ ಹುಟ್ಟಿದ್ದೂ ಈ ಸಮುದಾಯದ ದನಿಗಳಿಗಾಗಿ. ದೇಹದ ಆಸೆಗೆ ಸೋತು ಹೋಗುವ ಆತ್ಮ, ಅದನ್ನು ಮರಳಿ ತರುವ ಸದ್ಗುಣಗಳು, ಎದುರಿಗೆ ಸೈತಾನ. ಎಲ್ಲರೂ ಹಾಡುತ್ತಾರೆ, ಸೈತಾನನೊಬ್ಬ ಮಾತ್ರ ಹಾಡುವುದಿಲ್ಲ, ಅವನದು ಬರಿ ಅರಚಾಟ. ಮೈಂಜ್‌ಗೆ ಬರೆದ ಪತ್ರದ ಇಡೀ ವಾದ ಹಲವು ವರ್ಷ ಮೊದಲೇ ನಾಟಕದ ಪಾತ್ರವಾಗಿ ಇಲ್ಲಿ ನಿಂತಿತ್ತು.

1632ರಲ್ಲಿ, ಮೂವತ್ತು ವರ್ಷದ ಯುದ್ಧದ ನಡುವೆ, ಸ್ವೀಡನ್ ಸೈನಿಕರು ಮಠವನ್ನು ಹಾಳುಗೆಡವಿದರು. ಉಳಿದಿದ್ದ ಬಂಡೆ, ಗೋಡೆಗಳನ್ನು 1857ರಲ್ಲಿ ನಾಹೆ ಕಣಿವೆಯ ರೈಲುಹಳಿಗಾಗಿ ಸಿಡಿಸಿದರು. ದೇವಾಲಯದ ಐದು ಕಮಾನುಗಳು ಬೇರೊಂದು ಕಟ್ಟಡದೊಳಗೆ ಸೇರಿ ಬದುಕಿವೆ. ಅದನ್ನು ನೋಡಲು ಮುಂಚೆಯೇ ಕೇಳಿಕೊಂಡು ಹೋಗುವುದು ಒಳ್ಳೆಯದು, ಬಾಗಿಲು ಸದಾ ತೆರೆದಿರುವುದಿಲ್ಲ. ಹಿಲ್ಡೆಗಾರ್ಡ್ ಮುಪ್ಪಿನಲ್ಲಿ ಮಠದ ಪಡಸಾಲೆಯಲ್ಲಿ ನಡೆದಾಡುತ್ತಾ ‘ಓ ವಿರ್ಗಾ ಆಕ್ ದಿಯಾದೇಮಾ’ ಹಾಡಿಕೊಳ್ಳುತ್ತಿದ್ದುದನ್ನು ಕಂಡೆವು ಎಂದು ಮೂವರು ಸಿಸ್ಟರ್‌ಗಳು ಆಮೇಲೆ ಸಾಕ್ಷಿ ನುಡಿದಿದ್ದರು. ಆ ಪಡಸಾಲೆಯ ಮೇಲೆ ಈಗ ಹಳಿಯ ಸದ್ದು.

ಮಧ್ಯಾಹ್ನಕ್ಕೆ ನದಿದಂಡೆಯ ‘ಮ್ಯೂಸಿಯಮ್ ಆಮ್ ಶ್ಟ್ರೋಮ್’. ಹಳೆಯ ವಿದ್ಯುತ್ ಕೇಂದ್ರದ ಕಟ್ಟಡದಲ್ಲಿದೆ. ಈ ದಿನ ಸೋಮವಾರ ಬಿದ್ದರೆ ನಾಲ್ಕನೇ ದಿನದೊಂದಿಗೆ ಅದಲುಬದಲು ಮಾಡಿಕೊಳ್ಳಿ. ಊರಿನಲ್ಲಿ ಹಿಲ್ಡೆಗಾರ್ಡ್ ಹೆಸರಿನ ಬಿಸ್ಕತ್ತು ಕಾಣುತ್ತದೆ. ಮೂಲ ಅವರ ಔಷಧಿಗಳ ಪುಸ್ತಕ ‘ಫಿಸಿಕಾ’ದ್ದು: ಜಾಯಿಕಾಯಿ, ಅದರಷ್ಟೇ ತೂಕದ ದಾಲ್ಚಿನ್ನಿ, ಸ್ವಲ್ಪ ಲವಂಗ ಪುಡಿಮಾಡಿ ನಯವಾದ ಹಿಟ್ಟು, ನೀರು ಬೆರೆಸಿ ಬಿಲ್ಲೆ ಮಾಡಿ ತಿಂದರೆ ಮನಸ್ಸಿನ ಕಹಿ ಇಳಿಯುತ್ತದೆ ಎಂದು. ಜಾಯಿಕಾಯಿ ಹೆಚ್ಚಾದರೆ ತಲೆಸುತ್ತು, ವಾಂತಿ; ಮನೆಯಲ್ಲಿ ಮಾಡುವವರು ಚಿಟಿಕೆಯಲ್ಲೇ ನಿಲ್ಲಿಸಬೇಕು.

ಸಂಜೆ ದೋಣಿಯಲ್ಲಿ ರ‍್ಯೂಡೆಸ್‌ಹೈಮ್‌ಗೆ ದಾಟಬೇಕು. ಮೈಂಜ್ ಬಿಟ್ಟರೆ ಕೋಬ್ಲೆಂಜ್‌ವರೆಗೆ ರೈನ್‌ಗೆ ಸೇತುವೆ ಇಲ್ಲ, ಕೊನೆಯ ದೋಣಿ ತಪ್ಪಿದರೆ ದೊಡ್ಡ ಸುತ್ತು.

ನಾಲ್ಕನೇ ದಿನ: ವೀಸ್‌ಬಾಡೆನ್

ರ‍್ಯೂಡೆಸ್‌ಹೈಮ್‌ನಿಂದ ಅರ್ಧ ಗಂಟೆ ಚಿಲ್ಲರೆ ರೈಲು. ಇಲ್ಲಿನ ರಾಜ್ಯ ಗ್ರಂಥಾಲಯದಲ್ಲಿ ‘ರೀಸೆನ್‌ಕೋಡೆಕ್ಸ್’, ಹಿಲ್ಡೆಗಾರ್ಡ್ ಬರಹಗಳ ದೈತ್ಯ ಹಸ್ತಪ್ರತಿ ಇದೆ: 481 ಹಾಳೆ, ಸುಮಾರು 45 ಸೆಂಟಿಮೀಟರ್ ಎತ್ತರ, 15 ಕಿಲೋ ತೂಕ, ಹೊರಗಿನ ಬೈಂಡಿಗೆ ಒಂದು ಸರಪಳಿ. ಮೂಲಪ್ರತಿಯನ್ನು ಬಂದವರಿಗೆಲ್ಲ ತೆರೆದು ತೋರಿಸುವುದಿಲ್ಲ. ಪೂರ್ತಿ ಸ್ಕ್ಯಾನ್ ಇಂಟರ್‌ನೆಟ್‌ನಲ್ಲಿ ಉಚಿತ. ಸಂಗೀತ ಇರುವುದು ಕೊನೆಯಲ್ಲಿ, 466ರಿಂದ 481ನೇ ಹಾಳೆಗಳಲ್ಲಿ. ಅಷ್ಟನ್ನು ಮುದ್ರಿಸಿ ಕೈಯಲ್ಲಿ ಹಿಡಿದು ಬಂದರೆ ಈ ದಿನ ಸಾರ್ಥಕ.

ಪುಟದಲ್ಲಿ ನಾಲ್ಕು ಗೆರೆ. ಕೆಂಪು ಗೆರೆ ‘ಎಫ್’ ಸ್ವರದ ಮನೆ, ಹಳದಿ ಗೆರೆ ‘ಸಿ’. ಈ ಎರಡು ಹಿಡಿದರೆ ಉಳಿದವನ್ನು ಬೆರಳೆಣಿಸಿ ಓದಬಹುದು. ಒಂಟಿ ಚುಕ್ಕೆ ಅಥವಾ ಕಡ್ಡಿ ಒಂದು ಸ್ವರ. ಎರಡು ಸ್ವರ ಏರಿದರೆ ‘ಪೆಸ್’, ಇಳಿದರೆ ‘ಕ್ಲೀವಿಸ್’. ಸ್ವರದ ಬಾಲ ಸಣ್ಣಗೆ ಸುರುಳಿಗೊಂಡಿದ್ದರೆ ಕೆಳಗಿನ ಅಕ್ಷರ ನೋಡಿ. ಸಾಮಾನ್ಯವಾಗಿ ಅಲ್ಲಿ ಲ, ಮ, ನ, ರ ಇರುತ್ತದೆ, ದನಿಯನ್ನು ಆ ವ್ಯಂಜನದೊಳಗೆ ಮುಚ್ಚಬೇಕೆಂದು ಸೂಚನೆ. ಕಾಲದ ಅಳತೆಗೆ ಗುರುತಿಲ್ಲ. ಹೊಸಬರು ಮಾಡುವ ತಪ್ಪು, ಗೆರೆಯ ಬಣ್ಣ ನೋಡದೆ ಮೊದಲ ಸಾಲಿನಂತೆಯೇ ಎರಡನೆಯದನ್ನೂ ಓದುವುದು. ಮನೆ ಮೇಲೆ ಕೆಳಗೆ ಸರಿದಿರಬಹುದು, ಪ್ರತಿ ಸಾಲಿನ ಶುರುವಿಗೂ ಬಣ್ಣ ನೋಡಬೇಕು.

ಎರಡನೇ ಮಹಾಯುದ್ಧದಲ್ಲಿ ಈ ಗ್ರಂಥವನ್ನೂ, ಚಿತ್ರಗಳಿದ್ದ ‘ಶೀವಿಯಾಸ್’ ಪ್ರತಿಯನ್ನೂ ಕಾಪಾಡಲೆಂದು ಡ್ರೆಸ್ಡೆನ್‌ನ ಬ್ಯಾಂಕ್ ಖಜಾನೆಗೆ ಕಳಿಸಲಾಗಿತ್ತು. ಯುದ್ಧ ಮುಗಿದಾಗ ಚಿತ್ರಪ್ರತಿ ಕಾಣೆ, ಇವತ್ತಿಗೂ ಸಿಕ್ಕಿಲ್ಲ. ದೈತ್ಯ ಪ್ರತಿಯನ್ನು 1948ರಲ್ಲಿ ಬೇರೊಂದು ಪುಸ್ತಕ ಅದರ ಜಾಗದಲ್ಲಿಟ್ಟು ಸೋವಿಯತ್ ವಲಯದಿಂದ ಹೊರತಂದರು. ಕಳೆದುಹೋದ 35 ಚಿತ್ರಗಳು ನಮಗೆ ಗೊತ್ತಿರುವುದು ಐಬಿಂಗೆನ್‌ನ ಸಿಸ್ಟರ್‌ಗಳು 1927ರಿಂದ 1933ರವರೆಗೆ ಕುಳಿತು ಕೈಯಾರೆ ಬರೆದ ನಕಲಿನಿಂದ.

ಐದನೇ ದಿನ: ಐಬಿಂಗೆನ್, ಸೆಪ್ಟೆಂಬರ್ 17

ರ‍್ಯೂಡೆಸ್‌ಹೈಮ್‌ನಿಂದ ದ್ರಾಕ್ಷಿತೋಟಗಳ ನಡುವೆ ಏರುದಾರಿ. ಮೊದಲು ಸಿಗುವುದು ಊರ ಚರ್ಚ್; 1165ರಲ್ಲಿ ಹಿಲ್ಡೆಗಾರ್ಡ್ ರೂಪರ್ಟ್ಸ್‌ಬೆರ್ಗ್‌ನ ಜೊತೆಗೆ ತೆಗೆದುಕೊಂಡ ಇನ್ನೊಂದು ಮಠದ ಜಾಗ ಅದು. 1932ರಲ್ಲಿ ಬೆಂಕಿಗೆ ಸುಟ್ಟು ಮತ್ತೆ ಕಟ್ಟಿದ್ದು. ಅವರ ಪವಿತ್ರ ಅವಶೇಷಗಳಿರುವ ಚಿನ್ನದ ಬಣ್ಣದ ಪೆಟ್ಟಿಗೆ ಇಲ್ಲಿದೆ, ಇಂದು ಅದರ ಮೆರವಣಿಗೆ. ಜನ ಬೇಗ ಸೇರುತ್ತಾರೆ, ಕೂರಲು ಜಾಗ ಬೇಕಾದವರು ಒಂದು ಗಂಟೆ ಮೊದಲೇ ಒಳಗಿರಬೇಕು. 2012ರ ಮೇ 10ರಂದು ಪೋಪ್ ಹದಿನಾರನೇ ಬೆನೆಡಿಕ್ಟರು ಇವರ ಸಂತಪದವಿಯನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದರು, ಅದೇ ಅಕ್ಟೋಬರ್ 7ರಂದು ಧರ್ಮಸಭೆಯ ಪಂಡಿತೆ ಎಂದು ಸಾರಿದರು. ಆ ಗೌರವ ಪಡೆದ ನಾಲ್ಕನೇ ಮಹಿಳೆ.

ಇನ್ನೂ ಮೇಲೆ ಸಂತ ಹಿಲ್ಡೆಗಾರ್ಡ್ ಮಠ. 1904ರಲ್ಲಿ ಪ್ರಾಗ್‌ನಿಂದ ಬಂದ ಬೆನೆಡಿಕ್ಟೈನ್ ಸಿಸ್ಟರ್‌ಗಳು ನೆಲೆಸಿದರು, 1941ರಲ್ಲಿ ನಾಜಿಗಳ ಗುಪ್ತ ಪೊಲೀಸ್ ಪಡೆ ಗೆಸ್ಟಾಪೋ ಹೊರಹಾಕಿತು, 1945ರಲ್ಲಿ ಮರಳಿದರು. ಈಗಲೂ ತಾವೇ ದ್ರಾಕ್ಷಿ ಬೆಳೆದು ವೈನ್ ಮಾಡುತ್ತಾರೆ. ಒಳಗೋಡೆಗಳ ತುಂಬ, ಜರ್ಮನಿಯ ಬೊಯ್ರೋನ್ ಮಠದಲ್ಲಿ ಹುಟ್ಟಿದ ಶೈಲಿಯ ಚಿತ್ರಗಳು.

ಸಂಜೆಯ ‘ವೆಸ್ಪರ್’ ಪ್ರಾರ್ಥನೆಗೆ ಯಾರು ಬೇಕಾದರೂ ಕೂರಬಹುದು, ಹೊತ್ತನ್ನು ಬಾಗಿಲ ಬಳಿ ಬರೆದಿರುತ್ತಾರೆ. ದಿನವೂ ಹಿಲ್ಡೆಗಾರ್ಡ್ ಹಾಡೇ ಕೇಳಿಸುತ್ತದೆ ಎಂದುಕೊಂಡು ಬಂದವರಿಗೆ ಬೇಸರವಾಗುತ್ತದೆ. ದಿನದ ಪ್ರಾರ್ಥನೆಗೆ ಇಲ್ಲಿರುವುದು ಗ್ರೆಗೋರಿಯನ್ ಗಾನ, ಅವರ ಹಾಡುಗಳಿಗೆ ಇಂಥ ಹಬ್ಬದ ದಿನವೇ ಬರಬೇಕು. ಆದರೆ ಆ ಹಾಡುಗಳು ಬೇರುಬಿಟ್ಟ ಮಣ್ಣು ಈ ದಿನದಿನದ ಕೀರ್ತನೆಯೇ. ಸಿಸ್ಟರ್‌ಗಳು ಎರಡು ಪಾಳಿಯಾಗಿ ಒಂದೊಂದು ಚರಣ ಹೇಳುತ್ತಾರೆ. ಪ್ರತಿ ಚರಣದ ಅರ್ಧಕ್ಕೆ ಒಂದು ಉಸಿರಿನಷ್ಟು ಮೌನ. ಗಡಿಬಿಡಿಯಿಲ್ಲ, ಎಳೆತವೂ ಇಲ್ಲ, ಎಲ್ಲರ ಉಸಿರೂ ಒಟ್ಟಿಗೆ ನಿಂತು ಒಟ್ಟಿಗೆ ಏಳುತ್ತದೆ. ಹೊರಗಿನವರು ಜೊತೆಗೂಡಿಸಲು ಹೋಗಿ ತಪ್ಪುವುದು ಈ ನಡುವಿನ ಮೌನದಲ್ಲೇ, ಮುಂದಿನ ಅರ್ಧಕ್ಕೆ ಆತುರದಿಂದ ನುಗ್ಗಿಬಿಡುತ್ತಾರೆ. ಮೊದಲ ಎರಡು ಕೀರ್ತನೆ ಸುಮ್ಮನೆ ಕೇಳಿ, ಆ ನಿಲುಗಡೆಯ ಅಳತೆ ಮೈಗೆ ಹತ್ತಿದ ಮೇಲೆ ಮೆಲ್ಲಗೆ ಸೇರಿಕೊಳ್ಳಬಹುದು.

ಪ್ರಾರ್ಥನೆ ಮುಗಿದ ಮೇಲೆ ಹೊರಗಿನ ಅಂಗಳದಿಂದ ಕೆಳಗೆ ರೈನ್ ಕಾಣುತ್ತದೆ, ಆಚೆ ದಡದಲ್ಲಿ ಬಿಂಗೆನ್, ಅದರ ಪಕ್ಕ ನಾಹೆಯ ಬಾಯಿ, ರೂಪರ್ಟ್ಸ್‌ಬೆರ್ಗ್ ಇದ್ದ ಜಾಗ. ಕಲಿತುಕೊಂಡು ಬಂದ ‘ಕಾರಿತಾಸ್’ ಹಾಡಲು ಇದಕ್ಕಿಂತ ಒಳ್ಳೆಯ ತಾವು ಈ ದಾರಿಯಲ್ಲಿಲ್ಲ. ಏರಿ ಬಂದ ದಣಿವಿಗೆ ಉಸಿರು ಮೇಲಿರುತ್ತದೆ, ಕೊಂಚ ಕೂತು ಸುಧಾರಿಸಿಕೊಳ್ಳಿ. ಮೊದಲ ಸ್ವರ ತಗ್ಗಿನಲ್ಲೇ ಹಿಡಿಯಿರಿ, ‘ಸೂಪರ್ ಸೀದೆರಾ’ ಇನ್ನೂ ಮೇಲಿದೆ.